ಮರುಹೂಡಿಕೆ ಅಪಾಯ: ಹಿಂಜರಿತ ನಿವೃತ್ತರ ಮನೆಗೆ ಬರುವ ದಾರಿ

ಆರ್ಥಿಕ ಹಿಂಜರಿತ ಎಂದ ಕೂಡಲೇ ಕೆಲಸ ಹೋಗುವುದು, ಸಂಬಳ ಕಡಿತ, ಷೇರುಪೇಟೆ ಕುಸಿತ ಕಣ್ಣಿಗೆ ಬರುತ್ತವೆ. ನಿವೃತ್ತರಾಗಿ, ತಿಂಗಳ ಪಿಂಚಣಿಯೂ ಇಲ್ಲದೆ, ಪಿಎಫ್ ಮತ್ತು ಗ್ರಾಚ್ಯುಟಿಯ ಇಡುಗಂಟನ್ನು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇಟ್ಟು ಬಡ್ಡಿ ದುಡ್ಡಿನಲ್ಲಿ ಮನೆ ನಡೆಸುವವರಿಗೆ ಇವು ಮೂರೂ ನೇರವಾಗಿ ತಟ್ಟುವುದು ಕಡಿಮೆ. ಅವರಿಗೆ ಹಿಂಜರಿತ ಗೊತ್ತಾಗುವುದು ಠೇವಣಿಯ ಗಡುವು ಮುಗಿಯುವ ದಿನ. ಹಳೆಯ ದರದ ಕರಾರು ಅಂದಿಗೆ ಮುಗಿಯುತ್ತದೆ, ಅದೇ ಅಸಲನ್ನು ಅಂದು ಚಾಲ್ತಿಯಲ್ಲಿರುವ ದರಕ್ಕೆ ಮತ್ತೆ ಇಡಬೇಕು. ಆ ದರ ಹಿಂದಿನದಕ್ಕಿಂತ ಕಡಿಮೆ ಇರುವ ಸಾಧ್ಯತೆಗೆ ಮರುಹೂಡಿಕೆ ಅಪಾಯ ಎಂದು ಹೆಸರು. ಅಸಲಿನಲ್ಲಿ ಒಂದು ರೂಪಾಯಿಯೂ ಹೋಗುವುದಿಲ್ಲವಾದ್ದರಿಂದ ಇದನ್ನು ನಷ್ಟದ ಲೆಕ್ಕಕ್ಕೆ ಯಾರೂ ಹಿಡಿಯುವುದಿಲ್ಲ.

ಹಿಂಜರಿತದಲ್ಲಿ ಬಡ್ಡಿ ಇಳಿಯುವುದು ಆಕಸ್ಮಿಕವಲ್ಲ. ಸಾಲ ಅಗ್ಗವಾದರೆ ವ್ಯಾಪಾರ ಚೇತರಿಸಿಕೊಳ್ಳುತ್ತದೆ ಎಂಬ ಲೆಕ್ಕದಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರ, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿ, ಇಳಿಸುತ್ತದೆ, ಅದರ ಹಿಂದೆಯೇ ಬ್ಯಾಂಕುಗಳು ಠೇವಣಿ ದರ ಇಳಿಸುತ್ತವೆ. ಗೃಹಸಾಲದ ಕಂತು ಹಗುರಾಯಿತು ಎಂದು ಮಗ ಸಂತೋಷಪಡುವ ವರ್ಷವೇ ಅಪ್ಪನ ಬಡ್ಡಿ ಇಳಿದಿರುತ್ತದೆ. 2008ರ ಅಕ್ಟೋಬರ್‌ನಲ್ಲಿ ಶೇ. 9ರಿಂದ ಇಳಿಯಲಾರಂಭಿಸಿದ ರೆಪೊ 2009ರ ಏಪ್ರಿಲ್ ಹೊತ್ತಿಗೆ ಶೇ. 4.75 ಆಗಿತ್ತು. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 27ರಂದು ಶೇ. 5.15ರಿಂದ 4.40ಕ್ಕೆ, ಮೇ 22ರಂದು 4ಕ್ಕೆ ಬಂತು.

ಈ ಎರಡು ಸಂದರ್ಭಗಳಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. 2008-09ರಲ್ಲಿ ಬ್ಯಾಂಕ್ ದರ ಏನಾದರೂ ಆಗಲಿ, ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಶೇ. 9 ಕೊಡುತ್ತಲೇ ಇತ್ತು. 2016ರ ಏಪ್ರಿಲ್‌ನಿಂದ ಸಣ್ಣ ಉಳಿತಾಯದ ದರಗಳನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಷ್ಕರಿಸುತ್ತದೆ. ಹಾಗಾಗಿ 2020ರಲ್ಲಿ ಈ ಆಸರೆಯೂ ಇಳಿಯಿತು: ಏಪ್ರಿಲ್ 1ರಿಂದ ದರ ಶೇ. 8.6ರಿಂದ ನೇರ 7.4ಕ್ಕೆ. ಮರುವರ್ಷ ಮಾರ್ಚ್ 31ರ ಸಂಜೆ ಅದನ್ನು 6.5ಕ್ಕೆ ಇಳಿಸುವ ಆದೇಶವೂ ಹೊರಟು, ಮಾರನೆಯ ಬೆಳಗ್ಗೆ ಕಣ್ತಪ್ಪಿನಿಂದ ಆಗಿದ್ದು ಎಂದು ಹಣಕಾಸು ಸಚಿವೆ ಹಿಂಪಡೆದರು. ಏಪ್ರಿಲ್ ಒಂದನೇ ತಾರೀಕು ಬೇರೆ, ಎಷ್ಟೋ ಜನ ಯಾವುದನ್ನು ನಂಬುವುದೋ ತಿಳಿಯದೆ ಕುಳಿತರು.

ಅಂಕಿಗಳಲ್ಲಿ ನೋಡೋಣ. 2015ರ ಏಪ್ರಿಲ್‌ನಲ್ಲಿ ಒಬ್ಬರು ಅಂದಿನ ಗರಿಷ್ಠ ಮಿತಿಯಾದ 15 ಲಕ್ಷ ರೂಪಾಯಿಯನ್ನು ಈ ಯೋಜನೆಯಲ್ಲಿ ಇಟ್ಟರು ಎನ್ನಿ. ಆಗಿನ ದರ ಶೇ. 9.3. ಮೂರು ತಿಂಗಳಿಗೊಮ್ಮೆ ಪಾಸ್‌ಬುಕ್ಕಿಗೆ 34,875 ರೂಪಾಯಿ ಬೀಳುತ್ತಿತ್ತು. ಐದು ವರ್ಷದ ಗಡುವು 2020ರ ಏಪ್ರಿಲ್‌ಗೆ ಮುಗಿಯಿತು. ಅದೇ ಅಸಲನ್ನು ಮತ್ತೆ ಇಟ್ಟರೆ ಶೇ. 7.4ರ ಲೆಕ್ಕದಲ್ಲಿ ಬರುವುದು 27,750. ಅಂದರೆ ತಿಂಗಳಿಗೆ 2,375 ರೂಪಾಯಿ ಖೋತಾ. ಈ ನಡುವೆ ಬೆಲೆಗಳು ಶೇ. 20ಕ್ಕಿಂತ ಹೆಚ್ಚು ಏರಿದ್ದವು. ಅದನ್ನೂ ಸೇರಿಸಿದರೆ ಬಡ್ಡಿಯ ಕೊಳ್ಳುವ ಶಕ್ತಿಯಲ್ಲಿ ಮೂರನೇ ಒಂದು ಭಾಗ ಹೋಗಿರುತ್ತದೆ. ಆರು ತಿಂಗಳು ಮುಂಚೆ ಗಡುವು ಮುಗಿದಿದ್ದ ಪಕ್ಕದ ಮನೆಯವರಿಗೆ ಶೇ. 8.6 ಸಿಕ್ಕಿತ್ತು. ಇಬ್ಬರ ಉಳಿತಾಯವೂ ಒಂದೇ, ಶಿಸ್ತೂ ಒಂದೇ, ಬೇರೆಯಾದದ್ದು ತಾರೀಕು ಮಾತ್ರ.

ಈ 2,375 ರೂಪಾಯಿ ಬದುಕಿನ ಗುಣಮಟ್ಟವನ್ನು ಎಲ್ಲಿ ಮುಟ್ಟುತ್ತದೆ? ಹಿರಿಯರ ಜೀವನ ಗುಣಮಟ್ಟ ಅಳೆಯಲು ಬ್ರಿಟನ್ನಿನಲ್ಲಿ 2003ರ ಸುಮಾರಿಗೆ ರೂಪಿಸಿದ ಕ್ಯಾಸ್ಪ್-19 ಎಂಬ ಪ್ರಶ್ನಾವಳಿ ಇದೆ. ಅದರಲ್ಲಿ 19 ಹೇಳಿಕೆಗಳು, ಒಂದೊಂದಕ್ಕೆ 0ಯಿಂದ 3, ಒಟ್ಟು 57 ಅಂಕ. ಅದು ಕೇಳುವುದು ಆದಾಯ ಎಷ್ಟು, ಕಾಯಿಲೆ ಯಾವುದು ಎಂದಲ್ಲ. ಬದುಕಿನ ಮೇಲೆ ಹಿಡಿತ ಇದೆಯೇ, ಬೇಕೆನಿಸಿದ್ದನ್ನು ಮಾಡಲು ಆಗುತ್ತಿದೆಯೇ, ಖುಷಿ ಇದೆಯೇ, ಸಾರ್ಥಕ ಅನ್ನಿಸುತ್ತಿದೆಯೇ ಎಂಬ ನಾಲ್ಕು ವಿಷಯಗಳನ್ನು ಕೇಳುತ್ತದೆ. ದುಡ್ಡಿನ ಕೊರತೆಯಿಂದ ಮನಸ್ಸಿಗೆ ಬಂದದ್ದನ್ನು ಮಾಡಲಾಗುತ್ತಿಲ್ಲವೇ ಎಂಬುದೂ ಅದರಲ್ಲೊಂದು.

ನಮ್ಮ ಮನೆಗಳಿಗೆ ಈ ವಿಂಗಡಣೆ ಚೆನ್ನಾಗಿ ಹೊಂದುತ್ತದೆ. ಬಡ್ಡಿ ಇಳಿದಾಗ ಅಕ್ಕಿ, ಬೇಳೆ, ಹಾಲಿಗೆ ಯಾರೂ ಕೈಹಾಕುವುದಿಲ್ಲ. ಮೊದಲು ನಿಲ್ಲುವುದು ಮದುವೆ, ಗೃಹಪ್ರವೇಶಗಳಿಗೆ ಹೋಗುವುದು. ಆಟೊ ಖರ್ಚು ಒಂದು ಕಡೆ, ಮುಯ್ಯಿ ಇನ್ನೊಂದು ಕಡೆ. ಹಿಂದೆ ಅವರು ಹಾಕಿದಷ್ಟನ್ನು ಹಾಕಲಾಗದಿದ್ದರೆ ಹೋಗುವುದೇ ಬೇಡ ಅನ್ನಿಸುತ್ತದೆ, ಮಂಡಿನೋವಿನ ನೆಪ ಹೇಳಿದರಾಯಿತು. ಆಮೇಲೆ ಮುಂದಕ್ಕೆ ಹೋಗುವುದು ಹಲ್ಲಿನ ಸೆಟ್ಟು, ಕನ್ನಡಕದ ಹೊಸ ಗಾಜು, ಇನ್ನೊಂದು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ. ಕಿವಿ, ಕಣ್ಣು, ಹಲ್ಲು ಮೂರೂ ಜನರ ಜೊತೆ ಕೂತು ಮಾತಾಡಲು, ಉಣ್ಣಲು ಬೇಕಾದವು. ಅವು ಹಿಂದೆ ಬಿದ್ದಷ್ಟೂ ಮನುಷ್ಯ ಕೋಣೆ ಸೇರುತ್ತಾನೆ. ಊಟದ ಖರ್ಚನ್ನಷ್ಟೇ ನೋಡಿದ ಲೆಕ್ಕಕ್ಕೆ ಇದ್ಯಾವುದೂ ಸಿಗುವುದಿಲ್ಲ.

ನಿಜವಾಗಿ ಅಪಾಯಕಾರಿಯಾದ ಕಡಿತ ಎರಡು. ಒಂದು, ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವುದು. ಬಿಟ್ಟ ದಿನ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ, ಅದಕ್ಕೇ ಇದು ಅಭ್ಯಾಸವಾಗಿಬಿಡುತ್ತದೆ. ಒಳಗೆ ಒತ್ತಡ ಏರುತ್ತಿರುವುದು ಪಾರ್ಶ್ವವಾಯು ಬಡಿಯುವ ತನಕ ಗೊತ್ತಾಗದಿರಬಹುದು. ಮಾತ್ರೆ ಬಿಡುವ ಬದಲು ಔಷಧದ ಮೂಲ ಹೆಸರು ಬರೆದುಕೊಡಿ ಎಂದು ವೈದ್ಯರನ್ನು ಕೇಳಿ, ಜನೌಷಧಿ ಕೇಂದ್ರದಲ್ಲಿ ಕೊಳ್ಳುವುದು ಎಷ್ಟೋ ವಾಸಿ. ಇನ್ನೊಂದು, ಆರೋಗ್ಯ ವಿಮೆಯ ಕಂತು. ಅದು ವರ್ಷಕ್ಕೊಮ್ಮೆ ಇಡಿಯಾಗಿ ಕಟ್ಟುವಂಥದ್ದಾದ್ದರಿಂದ ಕೈ ಬಿಗಿಯಾದ ವರ್ಷ ಈ ಸಲ ಬೇಡ ಅನ್ನಿಸುತ್ತದೆ. ಹೆಚ್ಚುವರಿ ಗಡುವೂ ಮೀರಿ ಪಾಲಿಸಿ ಬಿದ್ದುಹೋದರೆ, ಹೊಸದರಲ್ಲಿ ಸಕ್ಕರೆ ಕಾಯಿಲೆ, ಹೃದಯದ ತೊಂದರೆಗಳಂಥ ಹಳೆಯ ರೋಗಗಳಿಗೆ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರು.

ಬಡ್ಡಿ ಇಳಿದ ಕಾಲದಲ್ಲೇ ಇನ್ನೊಂದು ತಪ್ಪು ನಡೆಯುತ್ತದೆ. ಬ್ಯಾಂಕು ಆರು ಕೊಡುವಾಗ ಹತ್ತೋ ಹನ್ನೊಂದೋ ಕೊಡುವ ಸಹಕಾರ ಸಂಘದ ಕಡೆಗೆ ಮನಸ್ಸು ಹೋಗುತ್ತದೆ. ಬೆಂಗಳೂರಿನ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಠೇವಣಿದಾರರು ತೆಗೆಯಬಹುದಾಗಿದ್ದದ್ದು 35,000 ರೂಪಾಯಿ ಮಾತ್ರ. ಸಿಕ್ಕಿಬಿದ್ದವರಲ್ಲಿ ಹಿರಿಯರು ಬಹಳ. ಅದೇ ವರ್ಷ ಫೆಬ್ರವರಿಯಿಂದ ಠೇವಣಿ ವಿಮೆ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಎಲ್ಲ ಸೇರಿ 5 ಲಕ್ಷ. ಶಾಖೆ ಬೇರೆಯಾದರೆ ವಿಮೆ ಬೇರೆಯಾಗುವುದಿಲ್ಲ. ಗಂಡನ ಹೆಸರಿನದು, ಹೆಂಡತಿಯ ಹೆಸರಿನದು, ಇಬ್ಬರ ಜಂಟಿ ಖಾತೆ ಮಾತ್ರ ಬೇರೆ ಬೇರೆ ಲೆಕ್ಕ. ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆಯೇ ಇಲ್ಲ ಎಂಬುದನ್ನು ದುಡ್ಡು ಕಟ್ಟುವ ಮುಂಚೆ ತಿಳಿದಿರಬೇಕು.

ಸರ್ಕಾರಿ ಪಿಂಚಣಿದಾರರಿಗೆ ಹಿಂಜರಿತ ಬೇರೆ ಬಾಗಿಲಿನಿಂದ ಬರುತ್ತದೆ. 2020ರಲ್ಲಿ ಕೇಂದ್ರ ಸರ್ಕಾರ ತುಟ್ಟಿಭತ್ಯೆಯನ್ನು ಶೇ. 17ಕ್ಕೆ ತಡೆಹಿಡಿದು, 2021ರ ಜುಲೈಯಿಂದ 28ಕ್ಕೆ ಏರಿಸಿತು, ನಡುವಿನ ಹದಿನೆಂಟು ತಿಂಗಳ ಬಾಕಿ ಕೊಡಲಿಲ್ಲ. ಪಿಎಫ್ ಸದಸ್ಯರಾಗಿದ್ದ ನೌಕರರಿಗೆ ಸಿಗುವ ಇಪಿಎಸ್-95ರ ಕನಿಷ್ಠ ಪಿಂಚಣಿ 2014ರಿಂದಲೂ 1,000 ರೂಪಾಯಿ, ಅದಕ್ಕೆ ತುಟ್ಟಿಭತ್ಯೆಯೇ ಇಲ್ಲ. ರಾಜ್ಯದ ವೃದ್ಧಾಪ್ಯ ಪಿಂಚಣಿ ಸಂಧ್ಯಾ ಸುರಕ್ಷಾದ 1,200 ರೂಪಾಯಿಯಲ್ಲಿರುವವರಿಗೆ ಮರುಹೂಡಿಕೆಯ ಮಾತೇ ಬರುವುದಿಲ್ಲ. ಅವರನ್ನು ಹಿಂಜರಿತ ಮುಟ್ಟುವುದು ಕೂಲಿ ನಿಂತಾಗ ಮತ್ತು ಊರಿಗೆ ಮಕ್ಕಳು ಕಳಿಸುವ ದುಡ್ಡು ತಪ್ಪಿದಾಗ.

ಇಡುಗಂಟು ಇರುವವರು ಈ ಅಪಾಯವನ್ನು ಪೂರ್ತಿ ತಪ್ಪಿಸಲಾಗದು, ಒಂದೇ ದಿನ ಬೀಳದಂತೆ ನೋಡಿಕೊಳ್ಳಬಹುದು. 15 ಲಕ್ಷವನ್ನು ಬ್ಯಾಂಕಿನ ಒಂದೇ ಠೇವಣಿ ರಸೀದಿಯಲ್ಲಿ ಇಡದೆ 3 ಲಕ್ಷದ ಐದು ಭಾಗ ಮಾಡಿ ಒಂದು, ಎರಡು, ಮೂರು, ನಾಲ್ಕು, ಐದು ವರ್ಷಕ್ಕೆ ಇಡುವುದು. ಗಡುವು ಮುಗಿದ ಪ್ರತಿ ಭಾಗವನ್ನೂ ಮತ್ತೆ ಐದು ವರ್ಷಕ್ಕೆ ಇಟ್ಟರೆ, ಯಾವ ವರ್ಷ ದರ ಕುಸಿದರೂ ಆ ವರ್ಷ ಹೊಸ ದರಕ್ಕೆ ಸಿಗುವುದು ಐದರಲ್ಲಿ ಒಂದು ಪಾಲು. ದರ ಏರಿದ ವರ್ಷವೂ ಒಂದೇ ಪಾಲಿಗೆ ಲಾಭ ಎಂಬುದು ಇದರ ಬೆಲೆ. ರಸೀದಿಯಲ್ಲಿ ತಾನಾಗಿ ನವೀಕರಣ ಎಂದು ಗುರುತು ಹಾಕಿದ್ದರೆ ಬ್ಯಾಂಕು ಸಾಮಾನ್ಯವಾಗಿ ಅಷ್ಟೇ ಅವಧಿಗೆ ಮುಂದುವರಿಸುತ್ತದೆ, ಒಂದು ವರ್ಷದ್ದು ಐದಾಗಬೇಕಾದರೆ ನೀವೇ ಹೇಳಬೇಕು. ಗುರುತೂ ಇಲ್ಲದೆ ಮರೆತರೆ, 2021ರ ಜುಲೈಯ ನಿಯಮದಂತೆ ಉಳಿತಾಯ ಖಾತೆಯ ದರ ಅಥವಾ ಹಳೆಯ ಕರಾರಿನ ದರ, ಯಾವುದು ಕಡಿಮೆಯೋ ಅದು.

ಈಗ ಗಮನಿಸಬೇಕಾದ ವರ್ಷ 2028. ಹಿರಿಯ ನಾಗರಿಕರ ಯೋಜನೆಯ ಮಿತಿ 15ರಿಂದ 30 ಲಕ್ಷಕ್ಕೆ ಏರಿದ್ದು, ದರ ಶೇ. 8.2 ಆದದ್ದು ಒಂದೇ ದಿನ, 2023ರ ಏಪ್ರಿಲ್ 1. ಆ ವರ್ಷ ಇಡೀ ಮೊತ್ತ ತುಂಬಿದವರಿಗೆ ಮೂರು ತಿಂಗಳಿಗೆ 61,500 ರೂಪಾಯಿ ಬರುತ್ತಿದೆ. ಅವರ ಗಡುವುಗಳೆಲ್ಲ 2028ರ ಸುತ್ತಮುತ್ತ ಒಟ್ಟಿಗೆ ಮುಗಿಯುತ್ತವೆ. ಆಗ ದರ ಶೇ. 1 ಕಡಿಮೆ ಇದ್ದರೂ ತಿಂಗಳಿಗೆ 2,500 ಖೋತಾ. ಖಾತೆಯಿಂದ ಭಾಗಶಃ ತೆಗೆಯಲು ಅವಕಾಶವಿಲ್ಲ. ಎರಡು ವರ್ಷ ದಾಟಿದ ಮೇಲೆ ಅವಧಿಗೆ ಮುನ್ನ ಮುಚ್ಚಿದರೆ ಅಸಲಿನ ಶೇ. 1 ಹೋಗುತ್ತದೆ. ಎರಡು ಮೂರು ಖಾತೆ ಮಾಡಿಕೊಂಡವರು ಗಡುವು ಮುಗಿದಾಗ ಒಂದನ್ನು ಮೂರು ವರ್ಷಕ್ಕೆ ವಿಸ್ತರಿಸಿ, ಇನ್ನೊಂದನ್ನು ಮುಚ್ಚಿ ಹೊಸದಾಗಿ ಐದು ವರ್ಷಕ್ಕೆ ತೆರೆದರೆ ಮುಂದಿನ ಗಡುವುಗಳು 2031 ಮತ್ತು 2033ಕ್ಕೆ ಹರಡಿಕೊಳ್ಳುತ್ತವೆ. ವಿಸ್ತರಣೆಗೆ ಗಡುವು ಮುಗಿದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ವಿಸ್ತರಿಸಿದ ಖಾತೆಯನ್ನು ಒಂದು ವರ್ಷದ ನಂತರ ಯಾವಾಗ ಮುಚ್ಚಿದರೂ ಕಡಿತವಿಲ್ಲ, ಹಾಗಾಗಿ ದರ ಮೇಲೇರಿದರೆ ಅದನ್ನು ಮುಚ್ಚಿ ಹೊಸ ದರಕ್ಕೆ ಇಡಬಹುದು.