ಇಸಿಜಿ ನಾರ್ಮಲ್, ಆದ್ರೂ ಎದೆ ಯಾಕೆ ಹೊಡ್ಕೊಳ್ಳುತ್ತೆ?

ನಾನು ಸೈಕಾಲಜಿಸ್ಟ್, ಮಾತಿನಿಂದ ಮನಸ್ಸಿನ ತೊಂದರೆಗೆ ಚಿಕಿತ್ಸೆ ಕೊಡುವವಳು. ನಾನು ಕೂರುವ ಕೋಣೆ ಹಾಸನದ ಒಂದು ಹಳೇ ಕಟ್ಟಡದ ಮೊದಲ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ, 22 ಮೆಟ್ಟಿಲು ಹತ್ತಿ ಬರಬೇಕು. ಅವತ್ತು ಬಂದವರು ಹತ್ತನೇ ಮೆಟ್ಟಿಲಲ್ಲೇ ಗೋಡೆ ಹಿಡಿದು ನಿಂತುಬಿಟ್ಟಿದ್ದರು. ಆಟೋ ಓಡಿಸುವವರು, ವಯಸ್ಸು ಇನ್ನೂ ನಲವತ್ತು ದಾಟಿಲ್ಲ. ಎಡಗೈ ಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳು ಇಟ್ಟುಕೊಂಡು ನಾಡಿ ಎಣಿಸುತ್ತಿದ್ದರು. ಹಿಂದೆ ಅವರ ಹೆಂಡತಿ, ಕೈಯಲ್ಲಿ ಬಟ್ಟೆ ಅಂಗಡಿಯ ಕವರ್. ಆ ಕವರ್ ತುಂಬಾ ರಿಪೋರ್ಟು. ನಾಲ್ಕು ಇಸಿಜಿ, ಒಂದು ಎಕೋ (ಹೃದಯದ ಸ್ಕ್ಯಾನ್), ಒಂದು ಟಿಎಂಟಿ (ನಡೆಸಿ ನೋಡುವ ಹೃದಯ ಪರೀಕ್ಷೆ), ಜೊತೆಗೆ ಅರ್ಧ ಖಾಲಿಯಾದ ಗ್ಯಾಸ್ಟ್ರಿಕ್ ಮಾತ್ರೆ.

"ಎಲ್ಲಾ ನಾರ್ಮಲ್ ಅಂದ್ರು ಮೇಡಂ. ಏನೂ ಇಲ್ಲ, ಸುಮ್ನೆ ಟೆನ್ಷನ್ ಮಾಡ್ಕೋಬೇಡಿ ಅಂದ್ರು. ಏನೂ ಇಲ್ಲ ಅಂದ್ಮೇಲೆ ಇದೇನು ಹಂಗಾರೆ?"

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಇದು ಯಾರೋ ಒಬ್ಬರ ಕಥೆಯಲ್ಲ. ಗುರುತು ಸಿಗಬಾರದು ಅಂತ ಮೂರ್ನಾಲ್ಕು ಜನರದ್ದನ್ನು ಸೇರಿಸಿ ಒಬ್ಬರದ್ದು ಅನ್ನೋ ಹಾಗೆ ಬರೆದಿದ್ದೇನೆ. ಆದರೆ ಆ ಪ್ರಶ್ನೆಯನ್ನು ನಾನು ನೂರಾರು ಸಲ ಕೇಳಿದ್ದೇನೆ. ಅದಕ್ಕೆ ಉತ್ತರ ಹುಡುಕಲು ಹೋದರೆ ಸೈಕಾಲಜಿಯ ಮೊದಲ ವರ್ಷದ ಪಾಠವೆಲ್ಲ ಒಂದೊಂದಾಗಿ ಮುಂದೆ ಬಂದು ನಿಲ್ಲುತ್ತದೆ.

2025ರ ಜೂನ್, ಜುಲೈ ನಮ್ಮ ಜಿಲ್ಲೆಯವರು ಯಾರೂ ಮರೆಯೋದಿಲ್ಲ. ಬೆಳಗಾದರೆ ಟಿವಿಯಲ್ಲಿ ಹಾಸನ, ಹೃದಯಾಘಾತ, ಇಷ್ಟನೇ ಸಾವು ಅಂತ ಲೆಕ್ಕ. ಸತ್ತವರಲ್ಲಿ ಚಿಕ್ಕ ವಯಸ್ಸಿನವರಿದ್ದರು, ಆಟೋ, ಕ್ಯಾಬ್ ಓಡಿಸುವವರೂ ಇದ್ದರು. ಹಾರ್ಟ್ ಚೆಕಪ್ಪಿಗೆ ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನಿಂದಲೇ ಸಾಲು ನಿಂತರು. ಸರ್ಕಾರ ತಜ್ಞರ ಸಮಿತಿ ಮಾಡಿತು. ಅಸಹಜ ಅನ್ನುವಂಥ ಏರಿಕೆ ಕಾಣಿಸಿಲ್ಲ ಅಂತ ಆ ಸಮಿತಿ ಹೇಳಿತು. ಆದರೆ ಅಷ್ಟರಲ್ಲಿ ಭಯ ಮನೆಮನೆಯೊಳಗೆ ಬಂದು ಕೂತಾಗಿತ್ತು. ಹೋದ ಜೀವಗಳು ನಿಜ, ಆ ಮನೆಗಳ ದುಃಖವೂ ನಿಜ. ನಾನು ಹೇಳುತ್ತಿರುವುದು ಬದುಕಿದ್ದೂ ದಿನಾ ಸಾಯುತ್ತಿದ್ದವರ ಬಗ್ಗೆ.

ಅವರಿಗೆ ಮೊದಲ ಸಲ ಹಾಗಾಗಿದ್ದು ಬಸ್ ಸ್ಟ್ಯಾಂಡ್ ಮುಂದೆ, ಆಟೋದಲ್ಲೇ. ಹಿಂದಿನ ರಾತ್ರಿ ನಿದ್ದೆ ಇರಲಿಲ್ಲ, ಮೂರು ಟೀ ಆಗಿತ್ತು. ಸ್ಟ್ಯಾಂಡಿನಲ್ಲಿ ಯಾರೋ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು, ಕುಳಿತಲ್ಲೇ ಕುಸಿದವರದ್ದು. ಐದು ನಿಮಿಷ ಕಳೆದಿಲ್ಲ, ಎದೆ ಢವಢವ ಅಂತು. ಬೆವರು, ಬೆರಳೆಲ್ಲ ಜುಮ್ಮು, ಗಂಟಲು ಕಟ್ಟಿದ ಹಾಗೆ, ಜೀವ ಬಾಯಿಗೆ ಬಂದ ಹಾಗೆ. ಪಕ್ಕದವರು ಗ್ಯಾಸ್ಟ್ರಿಕ್ ಇರಬೇಕು ಅಂತ ಸೋಡಾ ಕುಡಿಸಿದರು.

ಹೀಗೆ ದಿಢೀರನೆ ಏಳುವ ವಿಪರೀತ ಗಾಬರಿಗೆ ಪ್ಯಾನಿಕ್ ಅಟ್ಯಾಕ್ ಅಂತಾರೆ. ಆಗ ಒಳಗೆ ಏನಾಯಿತು? ನಮ್ಮ ಮೆದುಳು ಸುಮಾರು 1.3ರಿಂದ 1.4 ಕೆಜಿ ತೂಗುತ್ತದೆ. ಅದರೊಳಗೆ, ಕಿವಿಯ ನೇರಕ್ಕೆ, ಎರಡೂ ಕಡೆ ಬಾದಾಮಿ ಗಾತ್ರದ ಒಂದೊಂದು ಗಂಟಿದೆ. ಅದರ ಹೆಸರು ಅಮಿಗ್ಡಲಾ, ಗ್ರೀಕಿನಲ್ಲಿ ಹಾಗಂದರೆ ಬಾದಾಮಿ ಅಂತಲೇ ಅರ್ಥ. ಅಪಾಯದ ವಾಸನೆ ಬಂದರೆ ಸಾಕು, ಪೂರ್ತಿ ವಿಚಾರಿಸುವ ಮೊದಲೇ ಅದು ಸುದ್ದಿ ಮುಟ್ಟಿಸುತ್ತದೆ. ಹೈಪೋಥಲಾಮಸ್ ಅನ್ನುವ ಮೆದುಳಿನ ಇನ್ನೊಂದು ಭಾಗದ ಮೂಲಕ ನರಗಳಿಗೆ ಹೋಗುತ್ತದೆ, ನರಗಳಿಂದ ಕಿಡ್ನಿ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಹೋಗುತ್ತದೆ, ಅಡ್ರಿನಲಿನ್ ಅನ್ನುವ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. ಎದೆ ಜೋರಾಗಿ ಬಡಿಯುತ್ತದೆ, ತೊಡೆಗೆ ತೋಳಿಗೆ ರಕ್ತ ಜಾಸ್ತಿ ಹೋಗಲಿ ಅಂತ. ಓಡುವುದಕ್ಕೋ ಹೊಡೆದಾಡುವುದಕ್ಕೋ ಮೈ ತಯಾರಾಗುತ್ತದೆ. ಸಕಲೇಶಪುರದ ಕಡೆ ತೋಟದಲ್ಲಿ ಎದುರಿಗೆ ಕಾಡಾನೆ ಬಂದಾಗ ಜೀವ ಉಳಿಸುವುದು ಇದೇ ಏರ್ಪಾಡು. ಬಸ್ ಸ್ಟ್ಯಾಂಡಿನಲ್ಲಿ ಆನೆ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಬೆರಳು ಜುಮ್ಮು ಅನ್ನುವುದಕ್ಕೂ ಕಾರಣ ಇದೆ. ಗಾಬರಿಯಲ್ಲಿ ಉಸಿರು ಜೋರಾಗುತ್ತದೆ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಅದು ಇಳಿದರೆ ಮೆದುಳಿನ ರಕ್ತನಾಳ ಸ್ವಲ್ಪ ಕಿರಿದಾಗಿ ತಲೆ ಸುತ್ತುತ್ತದೆ, ಬೆರಳು, ತುಟಿ ಜುಮ್ಮೆನ್ನುತ್ತವೆ. ಉಸಿರು ಸಾಲುತ್ತಿಲ್ಲ ಅನಿಸುತ್ತದೆ, ನಿಜವಾಗಿ ಉಸಿರು ಜಾಸ್ತಿಯಾಗಿರುತ್ತದೆ. ಇದನ್ನು ಹೇಳಿದಾಗ ಅವರ ಹೆಂಡತಿ, "ಹಂಗಾದ್ರೆ ಇವ್ರು ಸುಳ್ಳು ಹೇಳ್ತಿರ್ಲಿಲ್ಲ" ಅಂದರು. ಎರಡು ತಿಂಗಳಿಂದ ಮನೆಯಲ್ಲಿ ಆ ಅನುಮಾನವೂ ಓಡಾಡುತ್ತಿತ್ತು ಅಂತ ನನಗೆ ಆಗಲೇ ಗೊತ್ತಾಗಿದ್ದು.

ಅದಕ್ಕೇ ನಾನು "ಏನೂ ಇಲ್ಲ" ಅನ್ನುವ ಮಾತಿನ ವಿರುದ್ಧ ಇದ್ದೇನೆ. ಹೃದಯಕ್ಕೆ ಏನೂ ಆಗಿಲ್ಲ ಅನ್ನಿ, ಸರಿ. ಆದರೆ ಮನುಷ್ಯನಿಗೆ ಏನೂ ಆಗಿಲ್ಲ ಅಂದರೆ ತಪ್ಪು.

ಇದು ಹೊಸ ಕಾಯಿಲೆಯೂ ಅಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರು ಎದೆ ಹೊಡೆದುಕೊಳ್ಳುತ್ತೆ, ನೋಯುತ್ತೆ ಅಂತ ಬರುತ್ತಿದ್ದರು, ಹೃದಯ ನೋಡಿದರೆ ಸರಿ ಇರುತ್ತಿತ್ತು. ಜೇಕಬ್ ಡಾ ಕೋಸ್ಟಾ ಅನ್ನುವ ವೈದ್ಯರು 1871ರಲ್ಲಿ ಇದನ್ನು ವಿವರವಾಗಿ ಬರೆದರು. 1895ರಲ್ಲಿ ಮನೋವಿಶ್ಲೇಷಣೆ ಹುಟ್ಟುಹಾಕಿದ ಫ್ರಾಯ್ಡ್ ಇದೇ ತರದ ಗಾಬರಿಯ ಲಕ್ಷಣಗಳನ್ನು ಪಟ್ಟಿ ಮಾಡಿ ಬೇರೆ ಹೆಸರು ಕೊಟ್ಟರು. ಎದೆಬಡಿತ, ಉಸಿರುಕಟ್ಟು, ಬೆವರು ಎಲ್ಲ ಆ ಪಟ್ಟಿಯಲ್ಲಿವೆ. ಅವರು ಹೇಳಿದ ಕಾರಣವನ್ನು ನಾನು ಒಪ್ಪುವುದಿಲ್ಲ. ಆದರೆ ಮಾತಾಡುತ್ತಾ ಕೂತರೆ ಆ ಮನುಷ್ಯನಿಗೇ ಗೊತ್ತಿಲ್ಲದ ಗಂಟು ಹೊರಗೆ ಬರಬಹುದು ಅನ್ನುವುದನ್ನು ಮನೋವಿಶ್ಲೇಷಣೆಯವರಿಂದಲೇ ನಾವೆಲ್ಲ ಕಲಿತಿದ್ದು. ನಮ್ಮ ಆಟೋ ಅಣ್ಣನ ಅಪ್ಪ ಗದ್ದೆಯಲ್ಲೇ ಕುಸಿದು ಹೋಗಿದ್ದರು, ಆಗ ಇವರಿಗೆ 14 ವರ್ಷ. ಅದನ್ನು ಹೇಳಿದ್ದು ನಾಲ್ಕನೇ ಭೇಟಿಯಲ್ಲಿ, ಎದ್ದು ಚಪ್ಪಲಿ ಹಾಕಿಕೊಳ್ಳುವಾಗ.

ಅಮೆರಿಕದ ಸೈಕಾಲಜಿಸ್ಟ್ ವಿಲಿಯಂ ಜೇಮ್ಸ್ 1884ರಲ್ಲಿ ಒಂದು ವಿಚಿತ್ರ ಮಾತು ಹೇಳಿದರು. ಭಯ ಆಯಿತು ಅಂತ ಮೈ ನಡುಗುವುದಲ್ಲ, ಮೈ ನಡುಗುವುದು ನಮಗೆ ಗೊತ್ತಾಗುತ್ತದಲ್ಲ, ಆ ಗೊತ್ತಾಗುವುದೇ ಭಯ ಅಂತ. 1927ರಲ್ಲಿ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಇದನ್ನು ಪ್ರಶ್ನಿಸಿದರು. ಸಿಟ್ಟಿನಲ್ಲೂ ಎದೆ ಬಡಿಯುತ್ತೆ, ಜ್ವರದಲ್ಲೂ ಬಡಿಯುತ್ತೆ, ಹಾಗಾದರೆ ಎಲ್ಲವೂ ಒಂದೇ ಭಾವನೆ ಆಗಬೇಕಿತ್ತಲ್ಲ ಅಂತ ಅವರ ವಾದ. ಪುಸ್ತಕದಲ್ಲಿ ಇದನ್ನು ಬರೀ ಜಗಳದ ತರ ಓದಿಸುತ್ತಾರೆ, ಪರೀಕ್ಷೆಗೆ ಐದು ಮಾರ್ಕ್ಸ್. ಕ್ಲಿನಿಕ್ಕಿನಲ್ಲಿ ಇಬ್ಬರೂ ಬೇಕು. ಮೈಯ ಬಡಿತದಿಂದ ಭಯ ಹುಟ್ಟುತ್ತದೆ, ಹೌದು. ಆದರೆ ಆ ಬಡಿತಕ್ಕೆ ನಾವು ಏನು ಅರ್ಥ ಕಟ್ಟುತ್ತೇವೆ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಈ ಅರ್ಥ ಕಟ್ಟುವ ಕೆಲಸವನ್ನು ಹಿಡಿದುಕೊಂಡವರು ಕಾಗ್ನಿಟಿವ್ ಪಂಥದವರು, ಅಂದರೆ ಯೋಚನೆ ಬದಲಾದರೆ ಭಾವನೆಯೂ ಬದಲಾಗುತ್ತೆ ಅನ್ನುವವರು. 1960ರ ದಶಕದಲ್ಲಿ ಸೈಕಿಯಾಟ್ರಿಸ್ಟ್ ಆರನ್ ಬೆಕ್ ಶುರು ಮಾಡಿದರು. 1986ರಲ್ಲಿ ಸೈಕಾಲಜಿಸ್ಟ್ ಡೇವಿಡ್ ಕ್ಲಾರ್ಕ್ ಪ್ಯಾನಿಕ್ ಬಗ್ಗೆ ಒಂದು ಸುತ್ತು ಬರೆದು ತೋರಿಸಿದರು. ಅದನ್ನೇ ನಾನು ಇವರಿಗೆ ಆಟೋ ಬಾಡಿಗೆ ಚೀಟಿಯ ಹಿಂದೆ ಬರೆದುಕೊಟ್ಟೆ. ಎದೆ ಸ್ವಲ್ಪ ಜೋರಾಗುತ್ತೆ, ಅಟ್ಯಾಕ್ ಇರಬೇಕು ಅನ್ನುವ ಯೋಚನೆ ಬರುತ್ತೆ, ಆ ಯೋಚನೆಗೇ ಅಡ್ರಿನಲಿನ್ ಏರುತ್ತೆ, ಎದೆ ಇನ್ನೂ ಜೋರಾಗುತ್ತೆ, ನೋಡಿದ್ಯಾ ಅಟ್ಯಾಕೇ ಅನಿಸುತ್ತೆ. ಅವರು ಆ ಚೀಟಿ ಮೇಲೆ ಬೆರಳಾಡಿಸುತ್ತಾ ಎರಡು ಸುತ್ತು ಹಾಕಿದರು. "ಇದು ಎನ್.ಆರ್. ಸರ್ಕಲ್ ಇದ್ದಂಗೆ ಮೇಡಂ, ಹೊರಗೆ ಹೋಗೋ ರೋಡೇ ಸಿಕ್ಕಿಲ್ಲ ನಂಗೆ" ಅಂದರು.

ಟಿವಿ ಸುದ್ದಿಯಿಂದ ಈ ಸುತ್ತು ಇನ್ನೂ ಜೋರಾಗಿ ತಿರುಗಿತು. ಟ್ವರ್ಸ್ಕಿ ಮತ್ತು ಕಾನ್ಮನ್ ಅನ್ನುವ ಇಬ್ಬರು ಸೈಕಾಲಜಿಸ್ಟರು 1973ರಲ್ಲೇ ಇದನ್ನು ಹೇಳಿದ್ದರು: ಯಾವುದು ನೆನಪಿಗೆ ಸುಲಭವಾಗಿ ಬರುತ್ತೋ ಅದೇ ಜಾಸ್ತಿ ನಡೆಯುತ್ತಿದೆ ಅಂತ ನಮ್ಮ ಮನಸ್ಸು ಲೆಕ್ಕ ಹಾಕುತ್ತದೆ. ದಿನಕ್ಕೆ ಹತ್ತು ಸಲ ಒಂದೇ ವಿಡಿಯೋ ನೋಡಿದವರ ಲೆಕ್ಕ ಹೇಗಿರಬೇಕು ಹೇಳಿ. ಇಲ್ಲಿ ನನಗೆ ಯಾವಾಗಲೂ ಎಂ.ವಿ. ಗೋಪಾಲಸ್ವಾಮಿ ನೆನಪಾಗುತ್ತಾರೆ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಶುರುವಾದ ಸೈಕಾಲಜಿ ವಿಭಾಗ ಕಟ್ಟಿದವರು ಅವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದವರೂ ಅವರೇ, ಅದಕ್ಕೆ ಆಕಾಶವಾಣಿ ಅನ್ನುವ ಹೆಸರೂ ಇತ್ತು. ಮನಸ್ಸನ್ನು ಓದಿದ ಮೇಷ್ಟ್ರು ಒಬ್ಬರು ಮನೆಮನೆಗೆ ದನಿ ಮುಟ್ಟಿಸುವ ಕೆಲಸ ಹಿಡಿದರು ಅನ್ನುವುದು ನಮ್ಮ ಭಾಗದವರು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ವಿಷಯ. ದನಿ ಮನೆಯೊಳಗೆ ಬಂದರೆ ಮನಸ್ಸಿಗೆ ಏನಾಗುತ್ತೆ ಅನ್ನುವ ಪ್ರಶ್ನೆ ಇವತ್ತು ಅವರ ಕಾಲಕ್ಕಿಂತ ದೊಡ್ಡದಾಗಿದೆ.

ಈಗ ಬಿಹೇವಿಯರಿಸಂಗೆ, ಅಂದರೆ ನಡವಳಿಕೆ ಹೇಗೆ ಕಲಿಯುತ್ತೇವೆ ಅಂತ ನೋಡುವ ಪಂಥಕ್ಕೆ, ಬರೋಣ. ಊಟದ ಸೂಚನೆ ಸಿಕ್ಕರೆ ಸಾಕು ಜೊಲ್ಲು ಸುರಿಸುವುದನ್ನು ಕಲಿತ ಪಾವ್ಲೋವ್ ಅವರ ನಾಯಿ ಎಲ್ಲರಿಗೂ ಗೊತ್ತು, ಅದನ್ನು ಬಿಡುತ್ತೇನೆ. ಈ ಪಂಥದ ಮುಂದಾಳು ವಾಟ್ಸನ್ 1920ರಲ್ಲಿ ಒಂದು ಮಗುವಿಗೆ ಭಯ ಕಲಿಸಿದರು, ಬಿಳಿ ಇಲಿ ತೋರಿಸಿ ಹಿಂದಿನಿಂದ ಕಬ್ಬಿಣ ಬಡಿದು. ಇವತ್ತು ಅಂಥ ಪ್ರಯೋಗಕ್ಕೆ ಯಾರೂ ಅನುಮತಿ ಕೊಡುವುದಿಲ್ಲ, ಕೊಡಲೂ ಬಾರದು. ನನಗೆ ಬೇಕಾದವರು ಸೈಕಾಲಜಿಸ್ಟ್ ಮೇರಿ ಕವರ್ ಜೋನ್ಸ್. 1924ರಲ್ಲಿ, ಮೊಲ ಕಂಡರೆ ಹೆದರುತ್ತಿದ್ದ ಪೀಟರ್ ಅನ್ನುವ ಸಣ್ಣ ಹುಡುಗನ ಹತ್ತಿರಕ್ಕೆ ಅವರು ಮೊಲವನ್ನು ಸ್ವಲ್ಪ ಸ್ವಲ್ಪವೇ ತಂದರು, ಅವನಿಗೆ ಇಷ್ಟದ ತಿಂಡಿ ಕೊಟ್ಟು ಕೂರಿಸಿ. ಮೊದಲು ಕೋಣೆಯ ಆ ತುದಿಯಲ್ಲಿ, ಆಮೇಲೆ ಇನ್ನೊಂದಿಷ್ಟು ಹತ್ತಿರ. ಕೊನೆಗೆ ಹುಡುಗ ಮೊಲವನ್ನು ಮುಟ್ಟಿದ. ವಾಟ್ಸನ್ ಹೆಸರು ಎಲ್ಲ ನೋಟ್ಸಿನಲ್ಲೂ ಇರುತ್ತದೆ, ಈ ಹೆಂಗಸಿನ ಹೆಸರು ಮಾತ್ರ ಸುಮಾರು ಕಡೆ ಬಿಟ್ಟುಹೋಗುತ್ತದೆ. ನಾನು ದಿನಾ ಮಾಡುವ ಕೆಲಸ ಇವರದ್ದು.

ಯಾಕೆಂದರೆ ಭಯವನ್ನು ಸಾಕುವುದು ತಪ್ಪಿಸಿಕೊಳ್ಳುವ ಅಭ್ಯಾಸ. ನಮ್ಮ ಆಟೋ ಅಣ್ಣ ಮೊದಲು ಬಸ್ ಸ್ಟ್ಯಾಂಡ್ ಬಿಟ್ಟರು. ಆಮೇಲೆ ಬಿ.ಎಂ. ರಸ್ತೆ. ಆಮೇಲೆ ರಾತ್ರಿ ಬಾಡಿಗೆ. ಮೆಟ್ಟಿಲು ಬಿಟ್ಟರು, ಭಾರ ಎತ್ತುವುದು ಬಿಟ್ಟರು, ಮಗಳನ್ನು ಎತ್ತಿಕೊಳ್ಳುವುದನ್ನೂ ಬಿಟ್ಟರು. ಒಂದೊಂದು ಬಿಟ್ಟಾಗಲೂ ಒಂದು ಕ್ಷಣ ಹಾಯ್ ಅನಿಸುತ್ತಿತ್ತು. ಆ ಹಾಯ್ ಅನ್ನುವುದೇ ಬಹುಮಾನ. ಮುಂದಿನ ಸಲ ಇನ್ನೂ ಬೇಗ ಬಿಡಬೇಕು ಅಂತ ಅದು ಕಲಿಸುತ್ತದೆ. ನಾಡಿ ಹಿಡಿದು ನೋಡುವುದೂ ಇದೇ ಜಾತಿಗೆ ಸೇರಿದ್ದು. ದಿನಕ್ಕೆ ಎಷ್ಟು ಸಲ ಅಂತ ಕೇಳಿದೆ. ಲೆಕ್ಕ ಇಟ್ಟಿಲ್ಲ ಅಂದರು. ಹೆಂಡತಿ, "ಊಟಕ್ಕೆ ಕೂತಾಗ್ಲೂ ಅದೇ" ಅಂದರು.

ಹಾಗಾದರೆ ಎಲ್ಲ ಆ ಅಮಿಗ್ಡಲಾದ್ದೇ ತಪ್ಪಾ? ಇಲ್ಲ. ಕಾಯಿಲೆಯೊಂದರಿಂದ ಎರಡೂ ಕಡೆಯ ಅಮಿಗ್ಡಲಾ ಹಾಳಾಗಿದ್ದ ಒಬ್ಬ ಮಹಿಳೆ ಅಮೆರಿಕದಲ್ಲಿದ್ದಾರೆ, ಸಂಶೋಧಕರು ಅವರನ್ನು ಎಸ್.ಎಂ. ಅಂತ ಮಾತ್ರ ಕರೆಯುತ್ತಾರೆ. ಹಾವು ಕಂಡರೂ ಭಯ ಇಲ್ಲ, ದೆವ್ವದ ಸಿನಿಮಾ ಕಂಡರೂ ಇಲ್ಲ. 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರಿಗೆ 35 ಪರ್ಸೆಂಟ್ ಕಾರ್ಬನ್ ಡೈಆಕ್ಸೈಡ್ ಸೇರಿಸಿದ ಗಾಳಿ ಉಸಿರಾಡಲು ಕೊಟ್ಟರು. ಯಾವುದಕ್ಕೂ ಹೆದರದ ಆ ಮಹಿಳೆ ವಿಪರೀತ ಗಾಬರಿಯಾದರು. ಅಂದರೆ ಹೊರಗಿನ ಹಾವಿಗೆ ಒಂದು ದಾರಿ, ಮೈಯೊಳಗಿಂದ ಏಳುವ ಅಪಾಯಕ್ಕೆ ಇನ್ನೊಂದು ದಾರಿ. ಮೆದುಳಿನಲ್ಲಿ ಭಯದ ಗುಂಡಿ ಒಂದೇ, ಅದನ್ನು ಆರಿಸಿದರೆ ಮುಗಿಯಿತು ಅನ್ನುವ ವಿಡಿಯೋಗಳನ್ನು ನಂಬಬೇಡಿ. ನಂಬಿ, ಏನೇನೋ ಪುಡಿ ತಿಂದು ಬಂದವರನ್ನು ನೋಡಿ ನನಗೆ ತುಂಬಾ ಸಂಕಟ ಆಗಿದೆ.

ಇಷ್ಟೆಲ್ಲ ಇಟ್ಟುಕೊಂಡು ನಾವು ಮಾಡಿದ್ದೇನು? ಮೊದಲು ಹೃದಯದ ಡಾಕ್ಟರ ಮಾತು ತೆಗೆದುಕೊಂಡೆವು, ವ್ಯಾಯಾಮ ಮಾಡಬಹುದು ಅಂತ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಮೊದಲ ಸಲ ಎದೆ ನೋವು ಬಂದಾಗ ಇದು ಪ್ಯಾನಿಕ್ ಇರಬೇಕು ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡುವುದು ದೊಡ್ಡ ತಪ್ಪು, ಆಸ್ಪತ್ರೆಗೆ ಹೋಗಲೇಬೇಕು. ಔಷಧಿ ನಾನು ಬರೆಯುವುದಿಲ್ಲ. ಬೇಕು ಅನಿಸಿದ್ದರಿಂದ ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸಿದೆ. ಅವರು ಕೊಟ್ಟ ಮಾತ್ರೆ ಕೆಲಸ ಶುರು ಮಾಡಲು ಕೆಲವು ವಾರ ಬೇಕು ಅಂತ ಮೊದಲೇ ಹೇಳಿಟ್ಟೆ, ಇಲ್ಲದಿದ್ದರೆ ನಾಲ್ಕನೇ ದಿನಕ್ಕೇ ಬಿಟ್ಟುಬಿಡುತ್ತಾರೆ.

ಆಮೇಲೆ ಮೊಲವನ್ನು ಹತ್ತಿರ ತರುವ ಕೆಲಸ. ಇಲ್ಲಿ ಮೊಲ ಅಂದರೆ ಅವರದೇ ಎದೆಬಡಿತ. ಕುರ್ಚಿಯಲ್ಲಿ ಕೂರಿಸಿ ಒಂದು ನಿಮಿಷ ಬೇಗ ಬೇಗ ಉಸಿರಾಡಿ ಅಂದೆ, ನಾನೂ ಜೊತೆಗೆ ಉಸಿರಾಡಿದೆ. ಬೆರಳು ಜುಮ್ಮೆಂದಿತು. "ಇದೇ ಮೇಡಂ! ಅವತ್ತು ಆಗಿದ್ದು ಇದೇ!" ಕಣ್ಣರಳಿಸಿ ಹೇಳಿದರು. ಬರಿಸಿಕೊಳ್ಳಲು ಆಗುತ್ತೆ ಅಂದ ಮೇಲೆ ಅದು ಹಾರ್ಟ್ ಅಟ್ಯಾಕ್ ಹೇಗಾದೀತು ಅಂತ ನಾನು ಹೇಳಬೇಕಾಗಲೇ ಇಲ್ಲ. ಮುಂದಿನ ವಾರ ನನ್ನ 22 ಮೆಟ್ಟಿಲು, ನಾಡಿ ಮುಟ್ಟದೆ. ಆಮೇಲೆ ಮಹಾರಾಜ ಪಾರ್ಕಿನಲ್ಲಿ ಬಿರುಸು ನಡಿಗೆ. ಆಮೇಲೆ ಬಸ್ ಸ್ಟ್ಯಾಂಡ್ ಮುಂದೆ ಹತ್ತು ನಿಮಿಷ ಆಟೋ ನಿಲ್ಲಿಸುವುದು. ಆ ದಿನ ಗಾಬರಿ ಬಂತು, ಏರಿತು, ಹತ್ತು ಹದಿನೈದು ನಿಮಿಷಕ್ಕೆ ತಾನೇ ಇಳಿಯಿತು. ಓಡಿ ಹೋಗದಿದ್ದರೂ ಇಳಿಯುತ್ತೆ ಅನ್ನುವುದನ್ನು ಮೆದುಳು ಹೀಗೆ ನೋಡಿಯೇ ಕಲಿಯಬೇಕು. ಹಳೇ ಭಯ ಅಳಿಸಿ ಹೋಗುವುದಿಲ್ಲ, ಅದರ ಪಕ್ಕದಲ್ಲಿ ಹೊಸ ಪಾಠ ಒಂದು ಕೂರುತ್ತದೆ. ಅದಕ್ಕೇ ಒಂದೇ ಜಾಗದಲ್ಲಿ ಅಭ್ಯಾಸ ಮಾಡಿದರೆ ಸಾಲದು, ಬೇರೆ ಬೇರೆ ಕಡೆ ಮಾಡಬೇಕು.

ಇದರ ನಡುವೆ ಅಪ್ಪನ ಮಾತು ಬಂದಾಗ ಚೀಟಿ, ಸುತ್ತು, ಮೆಟ್ಟಿಲು ಎಲ್ಲ ಪಕ್ಕಕ್ಕಿಟ್ಟೆ. ಅಮೆರಿಕದ ಸೈಕಾಲಜಿಸ್ಟ್ ಕಾರ್ಲ್ ರಾಜರ್ಸ್ ಹೇಳಿಕೊಟ್ಟ ಹಾಗೆ ಸುಮ್ಮನೆ ಕೇಳಿಸಿಕೊಂಡೆ. ತಿದ್ದದೆ, ಸಮಾಧಾನವನ್ನೂ ಹೇಳದೆ. ಮುಕ್ಕಾಲು ಗಂಟೆ ಆಯಿತು.

ಮೊನ್ನೆ ಅವರು ಮನೆಯವರ ಜೊತೆ ಶ್ರವಣಬೆಳಗೊಳಕ್ಕೆ ಹೋಗಿದ್ದರು. ವಿಂಧ್ಯಗಿರಿಗೆ ಬರಿಗಾಲಲ್ಲಿ, ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಬಂಡೆಯಲ್ಲೇ ಕಡಿದಿದ್ದು. ಕೆಳಗೆ ಡೋಲಿಯವರು ಬರ್ತೀರಾ ಅಂತ ಕೇಳಿದರಂತೆ, ಬೇಡ ಅಂದರಂತೆ. ಅರ್ಧ ದಾರಿಯಲ್ಲಿ ಕೂತು ನನಗೆ ಫೋನ್ ಮಾಡಿದರು. ಗಾಳಿ ಸದ್ದು, ಮಗಳ ಗಲಾಟೆ, ನಡುವೆ ಇವರ ಏದುಸಿರು.

"ಎದೆ ಸಕತ್ ಹೊಡ್ಕೋತಿದೆ ಮೇಡಂ."

"ಮತ್ತೆ?"

"ಮತ್ತೇನಿಲ್ಲ. ಮೆಟ್ಲು ಹತ್ತಿದೀನಲ್ಲ, ಹೊಡ್ಕೊಳ್ಳುತ್ತೆ. ಇವ್ಳು ಎತ್ಕೋ ಅಂತಾವ್ಳೆ, ಇಡ್ತೀನಿ."