ನೋವು ಅಂಗೈಯಲ್ಲಿ, ತಪ್ಪು ಸೀಟಿನಲ್ಲಿ

ಆಳಂದದ ಶಿಕ್ಷಕರೊಬ್ಬರು ತಂದೆಯ ಕಾಲದ ರೇಸ್ ಸೈಕಲ್ಲನ್ನು ಕಲಬುರಗಿಯ ನಮ್ಮ ಅಂಗಡಿಗೆ ತಂದಿದ್ದರು. ಉಕ್ಕಿನ ಫ್ರೇಮ್, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್, ತೊಗಲಿನ ಸೀಟು.

"ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಅಂಗೈ ಜೋಮು ಹಿಡಿಯುತ್ತದೆ. ಹ್ಯಾಂಡಲ್ ಎತ್ತರಿಸಿ ಕೊಡಿ ಮಿಸ್ತ್ರಿ."

"ಮೊದಲು ಸೀಟು ನೋಡೋಣ ಸರ್" ಎಂದೆ.

ಸೀಟಿನ ಮೂತಿ ಕೆಳಗೆ ವಾಲಿತ್ತು. ಹಾಗಿದ್ದರೆ ಮೈ ಮುಂದಕ್ಕೆ ಜಾರುತ್ತಲೇ ಇರುತ್ತದೆ, ಅದನ್ನು ತಡೆಯುವ ಭಾರವೆಲ್ಲ ಅಂಗೈಗೆ ಬೀಳುತ್ತದೆ. ಸೀಟನ್ನು ಮಟ್ಟ ಮಾಡಿದೆ. ಎತ್ತರಕ್ಕೆ ನನ್ನದು ಹಳೆಯ ಪದ್ಧತಿ: ಪೆಡಲ್ ಕೆಳತುದಿಯಲ್ಲಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಮೊಣಕಾಲು ನೇರವಾಗಬೇಕು, ಸೊಂಟ ವಾಲಬಾರದು. ಫ್ರಾನ್ಸಿನ ಹೆಸರಾಂತ ಸೈಕಲ್ ರೇಸ್ ಟೂರ್ ದ ಫ್ರಾನ್ಸ್ ಅನ್ನು ಮೂರು ಬಾರಿ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಒಂದು ಲೆಕ್ಕವೂ ಇದೆ. ಬರಿಗಾಲಲ್ಲಿ ನಿಂತು ತೊಡೆಸಂದಿನಿಂದ ನೆಲದವರೆಗೆ ಅಳೆದು 0.883ರಿಂದ ಗುಣಿಸಬೇಕು. 80 ಸೆಂಟಿಮೀಟರ್ ಇದ್ದರೆ ಕ್ರ್ಯಾಂಕ್, ಅಂದರೆ ಪೆಡಲಿನ ತೋಳು, ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ನೆತ್ತಿಗೆ ಸುಮಾರು 70.6. ಇದನ್ನು ಆರಂಭಕ್ಕೆ ಮಾತ್ರ ನಂಬುತ್ತೇನೆ.

ಹಳೆಯ ಫ್ರೇಮಿನ ಮೇಲಿನ ಕೊಳವೆ ನೆಲಕ್ಕೆ ಸಮಾಂತರ, ಇಂದಿನ ಬಹುತೇಕ ಸೈಕಲ್ಲುಗಳಂತೆ ಇಳಿಜಾರಲ್ಲ. ಅಳತೆ ಸರಿಯಿದ್ದರೆ ಸೀಟಿನ ಕೆಳಗಿನ ಕಂಬ ಸುಮಾರು ಒಂದು ಮುಷ್ಟಿಯಷ್ಟು ಹೊರಗಿರುತ್ತದೆ, ಹ್ಯಾಂಡಲ್ ಸೀಟಿಗಿಂತ ಎರಡು ಮೂರು ಬೆರಳಷ್ಟೇ ಕೆಳಗಿರುತ್ತದೆ. ಕಂಬ ಗೇಣುದ್ದ ಹೊರಬಂದಿದ್ದರೆ ಫ್ರೇಮ್ ನಿಮಗೆ ಚಿಕ್ಕದು. ಎಷ್ಟೇ ಚೆಂದವಿರಲಿ, ಅಂಥದ್ದನ್ನು ಕೊಳ್ಳಬೇಡಿ.

ಇನ್ನೊಂದು ತಪ್ಪೂ ಕಂಡಿತು. ಯಾರೋ ಬ್ರೇಕ್ ಹಿಡಿಯ ನೆತ್ತಿ ಚಪ್ಪಟೆಯಾಗಲೆಂದು ಹ್ಯಾಂಡಲನ್ನೇ ಮೇಲಕ್ಕೆ ತಿರುಗಿಸಿದ್ದರು. ಆ ಕಾಲದ ಬ್ರೇಕ್ ಹಿಡಿಯ ನೆತ್ತಿ ಸಣ್ಣದು, ಇಂದಿನದರಂತೆ ಅಂಗೈ ಊರಿ ಕೂರಲು ಮಾಡಿದ್ದಲ್ಲ. ಹೀಗೆ ತಿರುಗಿಸಿದರೆ ಹ್ಯಾಂಡಲಿನ ಕೆಳಬಾಗು ಹಿಡಿದಾಗ ಬ್ರೇಕ್ ಬೆರಳಿಗೆ ಸಿಗುವುದಿಲ್ಲ. ಇಳಿಜಾರಿನಲ್ಲಿ ಇದು ಪ್ರಾಣಕ್ಕೆ ಕುತ್ತು. ಕೆಳಬಾಗಿನ ನೇರ ಭಾಗವನ್ನು ಬಹುಮಟ್ಟಿಗೆ ಮಟ್ಟಕ್ಕೆ ತಂದು, ಬ್ರೇಕ್ ಹಿಡಿಯ ತುದಿ ಅದೇ ಸಾಲಿಗೆ ಬರುವಂತೆ ಕಟ್ಟಿದೆ.

ಆಮೇಲೆಯೇ ಹ್ಯಾಂಡಲನ್ನು ಒಂದು ಬೆರಳು ಎತ್ತಿದ್ದು. ಹ್ಯಾಂಡಲನ್ನು ಫ್ರೇಮಿಗೆ ಹಿಡಿಸುವ ಕಂಬ, ಅಂದರೆ ಸ್ಟೆಮ್ಮಿನ ನೆತ್ತಿಯ ಬೋಲ್ಟನ್ನು ಎರಡು ಸುತ್ತು ಸಡಿಲಿಸಿ, ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಬಡಿದೆ. ಒಳಗಿನ ಬೆಣೆ ಟಕ್ಕೆಂದು ಬಿಟ್ಟಿತು. ತುಕ್ಕು ಹಿಡಿದಿದ್ದರೆ ರಾತ್ರಿಯೆಲ್ಲ ಎಣ್ಣೆ ಕುಡಿಸಿಡಬೇಕಿತ್ತು. ಸ್ಟೆಮ್ಮಿನ ಮೇಲೆ ಕೊರೆದ ಗೆರೆ ಹೊರಗೆ ಕಾಣುವಷ್ಟು ಎತ್ತರಕ್ಕೆ ಎಂದೂ ಎತ್ತಬಾರದು, ಓಡುವಾಗಲೇ ಮುರಿದೀತು.

ಶಿಕ್ಷಕರು ಗಂಜ್ ಮಾರುಕಟ್ಟೆಯವರೆಗೆ ಹೋಗಿ ಬಂದು ಎರಡೂ ಅಂಗೈ ಬಿಚ್ಚಿ ತೋರಿಸಿದರು. ತಿಂಗಳು ಬಿಟ್ಟು ಬರಲು ಹೇಳಿದ್ದೇನೆ. ತೊಗಲು ಜಗ್ಗಿದ್ದರೆ ಸೀಟಿನ ಮೂತಿಯಡಿಯ ನಟ್ಟನ್ನು ಸ್ವಲ್ಪ ಬಿಗಿ ಮಾಡಬೇಕು.