ಕುರಿ ಮೂಗಿನ ಪೊರೆ ಲ್ಯಾಬಿಗೆ ಬಂದಿದ್ದು ಹೇಗೆ?

ಮೈಸೂರು, ಮಂಡ್ಯ ಕಡೆ ಮಟನ್ ಅಂಗಡಿಯಲ್ಲಿ ತಲೆಕಾಲು ಕೇಳಿದರೆ ಬೆಂಕಿಯಲ್ಲಿ ಸುಟ್ಟು, ಕೂದಲು ಹೆರೆದು ಕೊಡುತ್ತಾರೆ. ಸಾರಿಗೆ ಅದೇ ಚೆಂದ. ಆದರೆ ಫಾರ್ಮಸಿ ಲ್ಯಾಬಿಗೆ ಸುಟ್ಟ ತಲೆ ಬೇಡ. ಅಲ್ಲಿಗೆ ಬೇಕಿರುವುದು ಮೂಗಿನ ಒಳಗಿನ ತೆಳು ಪೊರೆ, ಅದೂ ಕುರಿ ಕಡಿದ ಸ್ವಲ್ಪ ಹೊತ್ತಿಗೇ, ಐಸ್ ಮೇಲೆ ಇಟ್ಟು ತಂದದ್ದು. ಬಿಸಿ ತಾಗಿದರೆ ಪೊರೆ ಹಾಳು.

ಈ ಪೊರೆ ಯಾಕೆ? ಮೂಗಿಗೆ ಬಿಟ್ಟ ಔಷಧ ಎಷ್ಟು ಬೇಗ ದಾಟುತ್ತದೆ ಅಂತ ನೋಡೋಕೆ.

ಮೂಗಿನ ದಾರಿ ನಮಗೇನೂ ಹೊಸದಲ್ಲ. ಆಯುರ್ವೇದದಲ್ಲಿ ಮೂಗಿಗೆ ಔಷಧ ಬಿಡುವ ನಸ್ಯ ಇದೆ. ನಶ್ಯ ಏರಿಸುವ ತಾತಂದಿರಿಗೆ ನಿಕೋಟಿನ್ ತಲೆಗೆ ಹತ್ತೋದು ಚೆನ್ನಾಗಿಯೇ ಗೊತ್ತಿತ್ತು. 1920ರ ದಶಕದಲ್ಲಿ ಇನ್ಸುಲಿನ್ನನ್ನೂ ಮೂಗಿನಿಂದ ಕೊಟ್ಟು ನೋಡಿದರು. ಅದರ ಅಣು ದೊಡ್ಡದು, ಒಳಗೆ ಹೋಗಿದ್ದು ತೀರಾ ಕಡಿಮೆ. ಆಸೆ ಮತ್ತೆ ಚಿಗುರಿದ್ದು 1980ರ ಸುಮಾರಿಗೆ. ಔಷಧ ವಿಜ್ಞಾನಿ ಅನ್ವರ್ ಹುಸೇನ್ ಮತ್ತು ಜೊತೆಗಾರರು ಇಲಿಗಳ ಮೂಗಿಗೆ ಪ್ರೊಪ್ರನೊಲಾಲ್ ಅನ್ನೋ ಬಿಪಿ ಔಷಧ ಬಿಟ್ಟರು. ನುಂಗಿದರೆ ಬಹುಪಾಲು ಲಿವರ್‌ನಲ್ಲೇ ಕರಗಿಹೋಗುವ ಔಷಧ ಅದು. ಮೂಗಿನಿಂದ ಕೊಟ್ಟಾಗ ಮಾತ್ರ ನೇರವಾಗಿ ರಕ್ತನಾಳಕ್ಕೆ ಚುಚ್ಚಿದಷ್ಟೇ ರಕ್ತದಲ್ಲಿ ಸಿಕ್ಕಿತು.

ಆದರೆ ಪ್ರತಿ ಹೊಸ ಔಷಧಕ್ಕೂ ಇಲಿಗೆ ಅರಿವಳಿಕೆ ಕೊಟ್ಟು, ಕತ್ತಿನಲ್ಲಿ ಕೊಯ್ದು, ನಳಿಕೆ ತೂರಿಸಿ ಕೂರೋಕೆ ಆಗುತ್ತಾ? ಅಲ್ಲಿ ಕೈಗೆ ಬಂದದ್ದು ಬೇರೆ ಕೆಲಸಕ್ಕೆ ಹುಟ್ಟಿದ ಎರಡು ಸಲಕರಣೆಗಳು. ಡೆನ್ಮಾರ್ಕಿನ ಹನ್ಸ್ ಉಸ್ಸಿಂಗ್ 1951ರ ಹೊತ್ತಿಗೆ ಕಪ್ಪೆ ಚರ್ಮವನ್ನು ಎರಡು ದ್ರವಗಳ ಮಧ್ಯೆ ಬಿಗಿದು ಉಪ್ಪು ಹೇಗೆ ದಾಟುತ್ತದೆ ಅಂತ ಅಳೆದಿದ್ದರು. ಥಾಮಸ್ ಫ್ರಾಂಜ್ 1975ರಲ್ಲಿ ಮನುಷ್ಯರ ಚರ್ಮವನ್ನು ಗಾಜಿನ ಕೋಶದಲ್ಲಿ, ಅಂದರೆ ಮೇಲೆ-ಕೆಳಗೆ ಎರಡು ಭಾಗವಿರುವ ಪುಟ್ಟ ಪಾತ್ರೆಯಲ್ಲಿ ಕೂರಿಸಿ ಔಷಧ ಎಷ್ಟು ಇಳಿಯುತ್ತದೆ ಅಂತ ನೋಡಿದ್ದರು. ಚರ್ಮ ತೆಗೆದು ಅಲ್ಲಿ ಮೂಗಿನ ಪೊರೆ ಇಟ್ಟರಾಯಿತು, ಅಲ್ವಾ? ಹಾಗೇ ಮಾಡಿದರು. ಮೇಲೆ ಔಷಧ, ಕೆಳಗೆ ಬೆಚ್ಚಗಿನ ಬಫರ್ (ಆಮ್ಲ-ಕ್ಷಾರದ ಹದ ಕಾಯುವ ದ್ರವ), ಆಗಾಗ ಕೆಳಗಿನಿಂದ ಒಂದಿಷ್ಟು ತೆಗೆದು ಅಳೆಯೋದು.

ಯುರೋಪಿನಲ್ಲಿ ಹಂದಿ, ದನದ ಮೂಗು ಜಾಸ್ತಿ. ನಮ್ಮಲ್ಲಿ ಕುರಿ, ಮೇಕೆ. ಕಾರಣ ಸರಳ: ಕಸಾಯಿಖಾನೆಯಲ್ಲಿ ಸುಲಭವಾಗಿ ಸಿಗುತ್ತವೆ, ಇದಕ್ಕೆಂದೇ ಯಾವ ಪ್ರಾಣಿಯನ್ನೂ ಕೊಲ್ಲಬೇಕಿಲ್ಲ. ಬಂಡೂರು ಕುರಿಯ ಸೀಮೆಯಲ್ಲಿ ಕುರಿ ತಲೆಗೆ ಬರವೇ?

2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಔಷಧಗಳ ನಿಯಮ ತಿದ್ದಿ, ಪ್ರಾಣಿ ಪ್ರಯೋಗದ ಬದಲು ಜೀವಕೋಶ ಮತ್ತು ಕಂಪ್ಯೂಟರ್ ಆಧಾರಿತ ಪರೀಕ್ಷೆಗೂ ಜಾಗ ಕೊಟ್ಟಿತು. ಮನುಷ್ಯರ ಮೂಗಿನ ಗೆಡ್ಡೆಯಿಂದ ಬೆಳೆಸಿದ ಆರ್‌ಪಿಎಂಐ 2650 ಅನ್ನೋ ಜೀವಕೋಶಗಳೂ ಇವೆ. ಆದರೆ ಅವನ್ನು ಸಾಕೋಕೆ ಇನ್‌ಕ್ಯುಬೇಟರ್, ದುಬಾರಿ ಪೋಷಕ ದ್ರವ, ದಿನಗಟ್ಟಲೆ ಕಾಯೋದು ಎಲ್ಲಾ ಬೇಕು. ಫಾರ್ಮಸಿಯಲ್ಲಿ ಸ್ನಾತಕೋತ್ತರ (ಎಂ.ಫಾರ್ಮ್) ಓದುವ ಹುಡುಗರ ಜೇಬಿಗೆ ಇದು ಭಾರ.

ನನಗೆ ತಕರಾರು ಇರುವುದು ಪೊರೆಯ ಮೇಲಲ್ಲ, ಅದರಿಂದ ಬಂದ ಅಂಕಿಯನ್ನು ಓದುವ ರೀತಿಯ ಮೇಲೆ. 'ಆರು ಗಂಟೆಯಲ್ಲಿ ಶೇ. 80 ದಾಟಿತು' ಅಂತ ಯಾರಾದರೂ ಬರೆದರೆ ಕೇಳೋಕೆ ಚೆಂದವೇ. ಆದರೆ ಗಾಜಿನ ಕೋಶದಲ್ಲಿ ಔಷಧ ಆರು ಗಂಟೆ ಸುಮ್ನೆ ನಿಂತಿರುತ್ತದೆ. ಬದುಕಿರುವವರ ಮೂಗಿನಲ್ಲಿ ಸೂಕ್ಷ್ಮ ರೋಮಗಳು ಲೋಳೆಯನ್ನು 15-20 ನಿಮಿಷಕ್ಕೇ ಗಂಟಲಿಗೆ ತಳ್ಳಿಬಿಡುತ್ತವೆ. ಗಾಜಿನ ಕೋಶದಲ್ಲಿ ರಕ್ತ ಹರಿಯೋದಿಲ್ಲ, ಸೀನೂ ಬರೋದಿಲ್ಲ. ಜೊತೆಗೆ ಪೊರೆ ತೆಗೆಯುವಾಗ ಕಣ್ಣಿಗೆ ಕಾಣದಷ್ಟು ಹರಿದಿದ್ದರೂ ಔಷಧ ಸೋರುತ್ತದೆ, ಅದೂ 'ದಾಟಿದ' ಲೆಕ್ಕಕ್ಕೇ ಸೇರುತ್ತದೆ. ಅದಕ್ಕೇ ಪ್ರಯೋಗಕ್ಕೆ ಮೊದಲು ಪೊರೆಯ ವಿದ್ಯುತ್ ತಡೆ (ಹರಿದಿದ್ದರೆ ಇದು ಇಳಿಯುತ್ತದೆ) ಅಳೆದರೋ, ಮುಗಿದ ಮೇಲೆ ಮೈಕ್ರೋಸ್ಕೋಪಿನಲ್ಲಿ ನೋಡಿದರೋ ಅನ್ನೋದನ್ನು ನಾನು ಮೊದಲು ಹುಡುಕುತ್ತೇನೆ. ಎರಡು ಸ್ಪ್ರೇಗಳನ್ನು ಒಂದೇ ಬಗೆಯ ಪೊರೆಯ ಮೇಲೆ ಹೋಲಿಸಿ, ಯಾವುದು ಬೇಗ ದಾಟುತ್ತದೆ ಅನ್ನೋದಕ್ಕೆ ಈ ಪರೀಕ್ಷೆ ಸಾಕು. ರೋಗಿಗೆ ಎಷ್ಟು ಡೋಸ್ ಅನ್ನೋದನ್ನು ಇದು ಹೇಳೋದಿಲ್ಲ.